ಸಭಾ ನಡವಳಿ

ಕೋಲಾರ. ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ನಗರಸಭೆಯ ರಾತ್ರಿ ತಂಗುದಾಣ.
ಸೋಮವಾರ ಸಂಜೆ ಏಳಕ್ಕೆ ಸಭೆ ಕರೆದಿದ್ದೆವು.
ಏಳೂಕಾಲಿಗೆ ನಾನು ಹೋದಾಗ
ಅವರು ಆರೂಮುಕ್ಕಾಲಿನಿಂದ ಕೂತಿದ್ದರು,
ಬೆನ್ನು ನೆಟ್ಟಗೆ, ಒಗೆದ ಅಂಗಿ ತೊಟ್ಟು.

ಹಾಜರಿದ್ದವರು, ಎಂದು ಬರೆದೆ.
ಪಿಳ್ಳಪ್ಪ, ಹವಾಲ್ದಾರ್ ಆಗಿದ್ದವರು,
ಈಗ ಮಂಡಿಯಲ್ಲಿ ಟೊಮೆಟೊ ಕ್ರೇಟು ಇಳಿಸುತ್ತಾರೆ.
ಚಾಂದ್ ಪಾಷಾ, ಸೈನ್ಯದಲ್ಲಿ ಲಾರಿ ಡ್ರೈವರು,
ಈಗ ಕಣ್ಣಿಗೆ ಪೊರೆ, ಲೈಸೆನ್ಸು ಜೇಬಲ್ಲೇ ಉಂಟು.
ಅರುಳಾನಂದಂ, ಕೆಜಿಎಫ್ ಕಡೆಯವರು, ಸ್ಯಾಪರ್:
ಅಪ್ಪ ನೆಲದೊಳಗೆ ಮದ್ದು ಇಟ್ಟು ಚಿನ್ನ ತೆಗೆದ,
ಮಗ ನೆಲದೊಳಗಿಂದ ಮದ್ದನ್ನೇ ತೆಗೆದ.

ವಿಳಾಸದ ಕಾಲಂ ಖಾಲಿ ಬಿಡಲೇ, ಎಂದು ಕೇಳಿದೆ.
"ಖಾಲಿ ಬಿಟ್ಟೂ ಬಿಟ್ಟೂನೇ ಅಲ್ವೇನಮ್ಮ
ಪಿಂಚಣಿ ಕಾಗದ ಮೂರು ಸಲ ವಾಪಸ್ ಹೋಗಿದ್ದು?
ಈ ಕಟ್ಟಡದ ನಂಬರೇ ಬರಿ."
ಈ ಕಟ್ಟಡಕ್ಕೆ ನಂಬರಿಲ್ಲವೆಂದು
ಆಗ ನನಗೆ ಗೊತ್ತಾಯಿತು.

ವಿಷಯ ಒಂದು: ಗೋಡೆ.
ಇಂಜಿನಿಯರು ಫೋನಿನಲ್ಲಿ ಚಿತ್ರ ತೋರಿಸಿದರು,
ಮೂರು ಬಣ್ಣ, ನಡುವೆ ಒಂದು ಟ್ಯಾಂಕು.
ನಿಮ್ಮ ಗೌರವಕ್ಕೆ, ಎಂದರು.
ಪಿಳ್ಳಪ್ಪ ಎದ್ದು ನಿಂತರು. ಕೂತೇ ಹೇಳಿ ಅಂದರೂ ನಿಂತರು.
"ಟ್ಯಾಂಕು ಬೇಡ ಸಾರ್.
ಕಕ್ಕಸಿಗೆ ಒಳಚಿಲಕ ಇಲ್ಲ,
ಒಂದು ಕೈಲಿ ಬಾಗಿಲು ಹಿಡ್ಕೊಂಡು ಕೂತ್ಕೋತೀವಿ.
ಬಣ್ಣದ ದುಡ್ಡಲ್ಲಿ ಚಿಲಕ ಎಷ್ಟು ಬರ್ತವೆ
ನೀವೇ ಲೆಕ್ಕ ಹಾಕಿ."
ಇಂಜಿನಿಯರು ಮಾತಾಡಲಿಲ್ಲ.
ನಾನೇ ಮನಸ್ಸಲ್ಲಿ ಹಾಕಿದೆ: ಮುನ್ನೂರು.

ವಿಷಯ ಎರಡು: ಡಾಕ್ಟರು.
ಪ್ರತಿ ಗುರುವಾರ ಹನ್ನೊಂದಕ್ಕೆ ಬರುತ್ತಾರೆ,
"ರೋಗಿಗಳಿಲ್ಲ" ಎಂದು ರಿಜಿಸ್ಟರಿನಲ್ಲಿ ಬರೆದು ಹೋಗುತ್ತಾರೆ.
ಒಂದೂವರೆ ವರ್ಷ ಅದನ್ನು ಮೇಲಕ್ಕೆ ಕಳಿಸಿದವಳು ನಾನು:
ತಂಗಿರುವವರ ಆರೋಗ್ಯ ತೃಪ್ತಿಕರ.
ಹನ್ನೊಂದಕ್ಕೆ ಹರಾಜು ಜೋರು, ಆಗ ಬಿಟ್ಟು ಬಂದರೆ
ಆ ದಿನದ ಕೂಲಿ ಹೋಯಿತು.
"ಮಂಡಿಗೆ ಹೋದ್ರೆ ಮಂಡಿನೋವು,
ಹೋಗ್ದಿದ್ರೆ ಹೊಟ್ಟೆನೋವು,"
ಪಾಷಾ ಹೇಳಿ ತಾವೇ ನಕ್ಕರು.
"ಡಾಕ್ಟರಮ್ಮಂಗೆ ರಾತ್ರಿ ಎಂಟಕ್ಕೆ ಬರೋಕ್ ಹೇಳಿ,
ಬಂದ ದಿನ ಮುದ್ದೆ ಸಾರು ನಮ್ದು."
ತೀರ್ಮಾನ: ಸಮಯ ಬದಲಿಸುವುದು.
ಮುದ್ದೆಯ ಪ್ರಸ್ತಾಪವನ್ನು ದಾಖಲಿಸಿಲ್ಲ.

ವಿಷಯ ಮೂರು ಪಟ್ಟಿಯಲ್ಲಿರಲಿಲ್ಲ.
ಅರುಳಾನಂದಂ ಅಷ್ಟು ಹೊತ್ತೂ
ರೋಲಿಂಗ್ ಶಟರನ್ನೇ ನೋಡುತ್ತಿದ್ದರು.
ದಿನಾ ಹತ್ತಕ್ಕೆ ವಾಚ್‌ಮನ್ ಅದನ್ನು ದಡಾರನೆ ಎಳೆಯುತ್ತಾನೆ.
ಹತ್ತಾಗುವ ಮೊದಲೇ ಇವರ ಎರಡೂ ಕೈ ಕಿವಿಯ ಮೇಲೆ,
ಆಮೇಲೆ ಬೆಳಗಿನ ತನಕ ಗೋಡೆಗೊರಗಿ ಕೂತೇ.
ಕೊಟ್ಟಿದ್ದೇವೆ, ಮೇಲಿನ ಮಂಚ, ನಂಬರು ಹದಿನಾಲ್ಕು.
ಹಾಸಿಗೆಯ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿಲ್ಲ.

ಏನು ಬೇಕು ಹೇಳಿ, ಅಂದೆ.
"ಬಾಗಿಲು ಕಾಣೋ ಜಾಗ."
ಸ್ವಲ್ಪ ಹೊತ್ತಾದ ಮೇಲೆ,
"ನೆಲದ ಹತ್ರ."
'ಪರಿಶೀಲಿಸಲಾಗುವುದು' ಎಂದು ಬರೆದೆ.
ಹೊಡೆದು ಹಾಕಿದೆ.
ಅವರು ಆಡಿದ್ದನ್ನೇ ಬರೆದೆ, ಆಡಿದ ಹಾಗೆಯೇ.

ಬುಧವಾರ ರಾತ್ರಿ ಮನೆಗೆ ಹೋಗುತ್ತಾ
ಸುಮ್ಮನೆ ಆ ಕಡೆ ಸ್ಕೂಟರು ತಿರುಗಿಸಿದೆ.
ಅಂತರಗಂಗೆ ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ.
ಪಾಷಾ ಏಣಿ ಹತ್ತಿ, ಬೆರಳಲ್ಲೇ ತಡವಿ ತಡವಿ,
ಶಟರಿನ ಸಂದಿಗೆ ಗ್ರೀಸು ಮೆತ್ತುತ್ತಿದ್ದರು.
ಏಣಿ ಹಿಡಿದ ಪಿಳ್ಳಪ್ಪನದು ಹುಕುಂ:
ಎಡಕ್ಕೆ, ಇನ್ನೂ ಎಡಕ್ಕೆ, ಹಾಂ ಸಾಕು.
ಹತ್ತಾಯಿತು. ವಾಚ್‌ಮನ್ ಎಳೆದ.
ಬೆಕ್ಕು ಗೋಡೆಯಿಂದ ಇಳಿದ ಹಾಗೆ
ಶಟರು ಇಳಿಯಿತು.

ಒಳಗೆ ಅರುಳಾನಂದಂ ಅವತ್ತೂ ಕೂತೇ ಇದ್ದರಂತೆ.
ಕೈ ಮಾತ್ರ ಮಡಿಲಲ್ಲಿತ್ತಂತೆ.

ಗ್ರೀಸಿನ ಡಬ್ಬಿಗೆ ನಲವತ್ತು ರೂಪಾಯಿ, ರಸೀದಿ ಇಲ್ಲ.
ಯಾವ ಲೆಕ್ಕಶೀರ್ಷಿಕೆಗೆ ಹಾಕಬೇಕೆಂದು ಕೇಳಿ
ಟಿಪ್ಪಣಿ ಇಟ್ಟಿದ್ದೇನೆ.
ಕಡತ ಇನ್ನೂ ತಿರುಗಿ ಬಂದಿಲ್ಲ.